ನನ್ನ ಜೋಡಿದಾರನ ಬಿಗಿ ಬೂಟು

ಹಸಿ ಮದರಂಗಿಯ ವಾಸನೆ ಬಂದರೆ ಎಲ್ಲರಿಗೂ ಮದುವೆ ಮನೆ ನೆನಪಾಗುತ್ತದಂತೆ. ನನಗೆ ನೆನಪಾಗುವುದು ತಗಡಿನ ಮಾಡಿನ ಒಂದು ಉದ್ದನೆಯ ಬ್ಯಾರಕ್ಕು. ಅಲ್ಲಿ ನಲವತ್ತು ಗಂಡಸರು ಸಾಲಾಗಿ ಮಲಗುತ್ತಿದ್ದೆವು. ಮೂಲೆಯ ಕಬ್ಬಿಣದ ಮಂಚದ ತುದಿಯಲ್ಲಿ ಒಬ್ಬ ಕೂತು, ತನ್ನ ಅಂಗಾಲಿಗೆ ಮದರಂಗಿ ಮೆತ್ತಿಕೊಳ್ಳುತ್ತಿದ್ದ...

ಮೊನ್ನೆ ನಾಟಿ ಕಾಲದ ಒಂದು ಭಾನುವಾರ ಸಿಂಧನೂರಿನಿಂದ ಗೊರೇಬಾಳಕ್ಕೆ ಟಂಟಂ ಆಟೋದಲ್ಲಿ ಹೊರಟಿದ್ದೆ. ಹದಿನೇಳು ವರ್ಷ ಫೌಜಿನಲ್ಲಿದ್ದು ನಿವೃತ್ತನಾಗಿ ಬಂದ ಮೇಲೆ ಸಿಂಧನೂರಿನ ಬ್ಯಾಂಕೊಂದರ ಬಾಗಿಲಲ್ಲಿ ಬಂದೂಕು ಹಿಡಿದು ನಿಲ್ಲುವುದು ನನ್ನ ಕೆಲಸ. ರಜೆಯ ದಿನವೆಂದು ಗೊರೇಬಾಳದ ಗೆಳೆಯನನ್ನು ನೋಡಲು ಹೊರಟವನು. ದಾರಿಯಲ್ಲಿ ನಾಟಿಗೆ ಹೋಗುವ ಏಳೆಂಟು ಹೆಂಗಸರು ಬುತ್ತಿಗಂಟು ಹಿಡಿದು ಹತ್ತಿಕೊಂಡರು. ನನ್ನೆದುರು ಕೂತವಳ ಪಾದಗಳು ಹಿಮ್ಮಡಿಯವರೆಗೂ ಕೆಂಪಗಿದ್ದವು. ಟಂಟಂ ತುಂಬ ಅದೇ ವಾಸನೆ. ನಮ್ಮ ಕಾಲುವೆ ಸೀಮೆಯಲ್ಲಿ ಇದು ಸಿಂಗಾರವಲ್ಲ. ದಿನವಿಡೀ ಕೆಸರಿನಲ್ಲಿ ನಿಂತರೆ ಬೆರಳ ಸಂದಿ ಕೊಳೆತು ಹುಣ್ಣಾಗುತ್ತದೆ. ಹಾಗಾಗದಿರಲಿ ಎಂದು ನಾಟಿಯವರು ಕಾಲಿಗೆ ಮದರಂಗಿ ಹಚ್ಚುತ್ತಾರೆ.

"ಯಾವೂರಬೇ ನಿಮ್ದು?" ಎಂದೆ.

"ಮುಕ್ಕುಂದ ರೀ. ನೆಲ್ಲು ಹಚ್ಚಾಕ ಹೊಂಟೀವಿ."

ಮುಕ್ಕುಂದದಿಂದ ಮಿಲಿಟರಿಗೆ ಹೋಗಿ, ತರಬೇತಿ ಮುಗಿಯುವ ಮೊದಲೇ ವಾಪಸು ಬಂದವನೊಬ್ಬನಿದ್ದನಲ್ಲ, ಹೇಗಿದ್ದಾನೆ ಎಂದು ಕೇಳಿದೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಆತ ತೀರಿಕೊಂಡು ಮೂರು ವರ್ಷಾತಲ್ರೀ," ಎಂದಳು ಕೆಂಪು ಪಾದದವಳು. "ಕಾಮಣಿ ಆಗಿ ಮೈಯೆಲ್ಲ ಹಳದಿ ಆಗಿತ್ತು. ಬಾಳ ಛಲೋ ಮನಷ್ಯಾ. ಅವರವ್ವ ಅದಾಳ."

ಗೊರೇಬಾಳ ಬಂತು. ಅವರು ಇಳಿದು ಗದ್ದೆಯ ಬದು ಹಿಡಿದು ಹೋದರು. ನಾನು ಗೆಳೆಯನ ಮನೆಗೆ ಹೋಗಲಿಲ್ಲ. ಅದೇ ಟಂಟಂನಲ್ಲಿ ತಿರುಗಿ ಸಿಂಧನೂರಿಗೆ ಬಂದೆ.

ಅವನು ನನ್ನ ಜೋಡಿದಾರ. ಫೌಜಿಗೆ ಹೊಸದಾಗಿ ಭರ್ತಿಯಾದವರನ್ನು ರಂಗ್ರೂಟರು ಎನ್ನುತ್ತಾರೆ. ತರಬೇತಿಯ ಮೊದಲ ದಿನವೇ ರಂಗ್ರೂಟರನ್ನು ಇಬ್ಬಿಬ್ಬರಂತೆ ಜೋಡಿ ಕಟ್ಟುತ್ತಾರೆ. ಮಂಚ ಪಕ್ಕಪಕ್ಕ, ಊಟಕ್ಕೆ ಜೊತೆ, ಓಟಕ್ಕೆ ಜೊತೆ. ಒಬ್ಬ ತಪ್ಪು ಮಾಡಿದರೆ ಇಬ್ಬರಿಗೂ ಶಿಕ್ಷೆ. ನಾನು ಮಸ್ಕಿಯ ಕಿರಾಣಿ ಅಂಗಡಿಯವನ ಮಗ. ಅವನು ಮುಕ್ಕುಂದದ ಗದ್ದೆಯವನು. ಭಾಷೆ ಒಂದೇ ಎಂಬ ಕಾರಣಕ್ಕೆ ನಮ್ಮನ್ನು ಕೂಡಿಸಿದರು. ಫೌಜಿನಲ್ಲಿ ಊರೇ ಹೆಸರಾಗುತ್ತದೆ. ಅವನು ನನ್ನನ್ನು ಕಡೆಯವರೆಗೂ "ಮಸ್ಕಿ" ಎಂದೇ ಕರೆದ.

ಅವನು ಹೊಸಬನಾಗಿರಲಿಲ್ಲ. ನಮ್ಮ ಹಿಂದಿನ ತಂಡದಲ್ಲಿದ್ದು, ಕೊನೆಯ ಓಟದಲ್ಲಿ ಫೇಲಾಗಿ, ನಮ್ಮ ತಂಡಕ್ಕೆ ತಳ್ಳಲ್ಪಟ್ಟವನು. ಆ ಓಟವೇ ಅಲ್ಲಿನ ದೊಡ್ಡ ಪರೀಕ್ಷೆ. ಬೆನ್ನಿಗೆ ತುಂಬಿದ ಚೀಲ, ಕೈಯಲ್ಲಿ ರೈಫಲ್, ಕಾಲಲ್ಲಿ ಬೂಟು. ಐದು ಕಿಲೋಮೀಟರು, ಗೊತ್ತು ಮಾಡಿದ ಹೊತ್ತಿನೊಳಗೆ. ಒಂದು ಸಲ ತಪ್ಪಿದರೆ ನಂತರ ಬಂದ ತಂಡಕ್ಕೆ, ಎರಡನೆಯ ಸಲ ತಪ್ಪಿದರೆ ಮನೆಗೆ. ಅವನಿಗೆ ಉಳಿದಿದ್ದು ಒಂದೇ ಓಟ. ಅದನ್ನು ಅವನು ಮೊದಲ ದಿನವೇ ಹೇಳಿದ, ಬೇರೆ ಯಾರದೋ ಸುದ್ದಿ ಹೇಳಿದ ಹಾಗೆ.

ನನ್ನ ಕಥೆ ಬೇರೆ. ಡಿಗ್ರಿಯಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದೆ. ಭರ್ತಿಯಾಗಿ ಹೊರಟ ದಿನ ಅಪ್ಪ ತಕ್ಕಡಿ ಹಿಡಿದುಕೊಂಡೇ ಗಿರಾಕಿಗಳ ಮುಂದೆ, "ಮೂರು ದಿನಕ್ಕ ಓಡಿ ಬರ್ತಾನ ನೋಡ್ರಿ ಇಂವ," ಎಂದು ನಕ್ಕಿದ್ದರು. ಆ ನಗು ನನ್ನ ಜೊತೆ ರೈಲು ಹತ್ತಿತ್ತು. ಏನಾದರೂ ಆಗಲಿ, ವಾಪಸು ಹೋಗಿ ಆ ತಕ್ಕಡಿಯ ಮುಂದೆ ನಿಲ್ಲುವುದೊಂದು ಬೇಡ ಎಂದುಕೊಂಡಿದ್ದೆ. ಮುಂದೆ ನಾನು ಮಾಡಿದ್ದಕ್ಕೆ ಇದು ಸಮಜಾಯಿಷಿಯಲ್ಲ. ಕಾರಣ ಮಾತ್ರ.

ನಸುಕಿನ ನಾಲ್ಕಕ್ಕೆ ಸೀಟಿ. ಹಾಸಿಗೆ ಸುತ್ತಿಟ್ಟು, ತಣ್ಣೀರಿನಲ್ಲಿ ಗಡ್ಡ ಹೆರೆದುಕೊಂಡು, ಐದಕ್ಕೆ ಮೈದಾನದಲ್ಲಿ ಸಾಲು. ಗಡ್ಡ ಬಾರದ ನನ್ನಂಥವರೂ ಹೆರೆಯಬೇಕು. ಆಮೇಲೆ ಓಟ, ಹಗ್ಗ ಹತ್ತುವುದು, ಒಂಬತ್ತು ಅಡಿ ಅಗಲದ ಗುಂಡಿ ಜಿಗಿಯುವುದು, ಮುಳ್ಳುತಂತಿಯ ಕೆಳಗೆ ಮೊಣಕೈ ಊರಿ ತೆವಳುವುದು. ನಮ್ಮನ್ನು ತಯಾರು ಮಾಡುವ ಹವಾಲ್ದಾರರನ್ನು ಉಸ್ತಾದ್ ಎನ್ನುತ್ತಿದ್ದೆವು. ಉತ್ತರದ ಕಡೆಯ ಒಣಕಲು ಆಳು, ದನಿ ಮಾತ್ರ ಮೈದಾನದ ಆ ಕಡೆ ಮುಟ್ಟುತ್ತಿತ್ತು. ತಪ್ಪಿದವನಿಗೆ ಅವರು ಕೊಡುವುದು ರಗಡಾ. ಗರಸು ಮಣ್ಣಿನ ಮೇಲೆ ಉರುಳು, ಕುಪ್ಪಳಿಸು, ರೈಫಲ್ ತಲೆಯ ಮೇಲೆತ್ತಿ ಮೈದಾನ ಸುತ್ತು... ಅವರಿಗೆ ಸಾಕೆನಿಸುವವರೆಗೆ. ಮೊದಲ ವಾರ ನನ್ನ ಮೊಣಕೈಗಳ ಚರ್ಮ ಅಂಗಿಗೆ ಅಂಟಿಕೊಂಡು ಬರುತ್ತಿತ್ತು. ಸ್ನಾನದ ಮನೆಯಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅಳುತ್ತಿದ್ದೆ. ಪಕ್ಕದ ನಲ್ಲಿಗಳೂ ಜೋರಾಗಿಯೇ ಇರುತ್ತಿದ್ದವು.

ನನ್ನನ್ನು ಅಲ್ಲಿ ಉಳಿಸಿದ್ದು ಅವನು. ಹಳೆಯ ಬನಿಯನ್ ಹರಿದು ತೋಳಿನೊಳಗೆ ಸುತ್ತಿಕೊಳ್ಳುವುದನ್ನು ಕಲಿಸಿದ. ಓಡುವಾಗ ಪಕ್ಕದಲ್ಲೇ ಇರುತ್ತಿದ್ದ. "ಬಾಯಿಲೆ ಉಸುರು ತಗಾಬ್ಯಾಡ ಮಸ್ಕಿ, ಮೂಗಿಲೆ ತಗಾ," ಎನ್ನುತ್ತ, ನನಗೆ ಕೇಳಿಸುವ ಹಾಗೆ ತಾನು ಉಸಿರು ಎಳೆದು ಬಿಡುತ್ತಿದ್ದ. ನಾನು ಆ ಸದ್ದಿಗೆ ನನ್ನ ಉಸಿರನ್ನು ಹೊಂದಿಸಿಕೊಂಡು ಓಡುತ್ತಿದ್ದೆ. ಒಂದು ದಿನ ಹಗ್ಗದ ಅರ್ಧಕ್ಕೆ ಹೋಗಿ ಕೈಸೋತು ಜಾರಿ ಬಿದ್ದಾಗ, ನಾನು ಊರಿಗೆ ಹೋಗುತ್ತೇನೆ ಎಂದುಬಿಟ್ಟೆ. ಅವನು ನನ್ನ ಅಂಗೈ ತಿರುಗಿಸಿ ನೋಡಿ, "ಊರಿಗೆ ಹೋಗೋದು ಎಷ್ಟೊತ್ತಿನ ಮಾತು. ನಾಳಿ ಹೋಗುವಂತಿ, ಇವತ್ತಿಂದು ಮುಗಸು," ಎಂದ. ಮರುದಿನವೂ ಹಾಗೇ ಅಂದ. ಹೀಗೆ ನಾಳೆ ನಾಳೆ ಎಂದು ನನ್ನನ್ನು ಎರಡು ತಿಂಗಳು ದಾಟಿಸಿದ.

ಅವನದೊಂದು ಸೂತ್ರವಿತ್ತು. "ಕಣ್ಣಿಗಿ ಬೀಳಬಾರದು. ಮುಂದ ಓಡಾವನೂ ಕಣ್ಣಿಗಿ ಬೀಳ್ತಾನ, ಹಿಂದ ಉಳದಾವನೂ ಬೀಳ್ತಾನ. ನಡುವ ಇರಬೇಕು." ಒಮ್ಮೆ ಫೇಲಾದವನ ಸೂತ್ರ ಅದು. ಯಾರನ್ನೂ ಏನೂ ಕೇಳುತ್ತಿರಲಿಲ್ಲ, ಯಾವುದಕ್ಕೂ ದೂರುತ್ತಿರಲಿಲ್ಲ. ಆದರೆ ನಡುವೆ ಇರುವುದೂ ಅವನಿಂದ ಆಗುತ್ತಿರಲಿಲ್ಲ. ಎರಡು ಕಿಲೋಮೀಟರು ದಾಟಿದ ಮೇಲೆ ಹೆಜ್ಜೆ ತಪ್ಪುತ್ತಿತ್ತು, ಮುಖ ಬೆಳ್ಳಗಾಗುತ್ತಿತ್ತು, ಮೆಲ್ಲಗೆ ಹಿಂದೆ ಬೀಳುತ್ತಿದ್ದ. ದಮ್ಮು ಕಡಿಮೆ ಇರಬೇಕು ಎಂದುಕೊಂಡಿದ್ದೆ. ಉಸ್ತಾದರೂ ಹಾಗೆಯೇ ತಿಳಿದಿದ್ದರು.

ಇನ್ನು ಮದರಂಗಿ. ಒಂದು ಭಾನುವಾರ ಅವನು ತನ್ನ ತಗಡಿನ ಟ್ರಂಕಿನಿಂದ ಒಂದು ಡಬ್ಬಿ ತೆಗೆದ. ಅವರವ್ವ ಮುಕ್ಕುಂದದಲ್ಲಿ ನಾಟಿ ಹೆಂಗಸರ ಗುಂಪು ನಡೆಸುವವಳು. ಮಗ ದೂರ ಹೋಗುತ್ತಿದ್ದಾನೆ, ಕಾಲಿಗೆ ಏನಾದರೂ ಆದರೆ ಇರಲಿ ಎಂದು ಒಣಗಿಸಿ ಕುಟ್ಟಿದ ಮದರಂಗಿ ಪುಡಿ ಕಟ್ಟಿ ಕಳಿಸಿದ್ದಳು. ಅವನು ಅದನ್ನು ಮಗ್ಗಿನಲ್ಲಿ ಕಲಸಿ, ಎರಡೂ ಅಂಗಾಲಿಗೆ, ಬೆರಳ ಸಂದಿಗೆ ಮೆತ್ತಿಕೊಂಡು, ಕಾಲು ಚಾಚಿ ಕೂತ. ಕಾಲಿನ ತುಂಬ ಒಡೆದ ಬೊಬ್ಬೆಗಳು. ಕೆಸರಿನ ಹುಣ್ಣಿಗೆ ಆಗುವುದು ಬೂಟಿನ ಹುಣ್ಣಿಗೂ ಆಗುತ್ತದೆ ಎಂಬುದು ಅವನ ಲೆಕ್ಕಾಚಾರ.

ಮರುದಿನವೇ ಕಾಲು ತಪಾಸಣೆ ಇತ್ತು. ಎಲ್ಲರೂ ಮಂಚದ ಮೇಲೆ ಕೂತು ಕಾಲು ಮುಂದೆ ಚಾಚಬೇಕು. ಉಸ್ತಾದ್ ಒಂದೊಂದೇ ನೋಡುತ್ತ ಬಂದವರು ಅವನ ಮುಂದೆ ನಿಂತುಬಿಟ್ಟರು. ಇಷ್ಟು ಕೆಂಪನೆಯ ಪಾದ ಅವರು ತಮ್ಮ ನೌಕರಿಯಲ್ಲೇ ನೋಡಿರಲಿಲ್ಲವೇನೋ. "ಶಾದಿ ಕಬ್ ಹೈ?" ಎಂದರು, ಮದುವೆ ಯಾವಾಗ ಎಂದು. ಬ್ಯಾರಕ್ಕು ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಅವನೊಬ್ಬನೇ ಮುಖ ನೆಟ್ಟಗಿಟ್ಟುಕೊಂಡು ಕೂತಿದ್ದ. ಮದುಮಗಳ ನಡಿಗೆ ನೋಡೋಣ, ಬರಿಗಾಲಲ್ಲಿ ಮೈದಾನ ನಾಲ್ಕು ಸುತ್ತು ಹಾಕು ಎಂದು ಉಸ್ತಾದ್ ಹೇಳಿದರು.

ಅವನು ಓಡಿದ. ಅದನ್ನು ಹೇಗೆ ಹೇಳಲಿ... ಆ ಹುಣ್ಣುಕಾಲಿನಲ್ಲಿ, ಗರಸು ಮಣ್ಣಿನ ಮೇಲೆ ಅಷ್ಟು ಸಲೀಸಾಗಿ ಓಡುವ ಮನುಷ್ಯನನ್ನು ನಾನು ಹದಿನೇಳು ವರ್ಷದ ಫೌಜಿನಲ್ಲಿ ಮತ್ತೆ ಕಾಣಲಿಲ್ಲ. ಮೊದಲ ಸುತ್ತಿಗೆ ನಾವು ನಗುತ್ತಿದ್ದೆವು. ಎರಡನೆಯದಕ್ಕೆ ನಗು ನಿಂತಿತು. ನಾಲ್ಕನೆಯದನ್ನು ಅವನು ಮೊದಲನೆಯದಕ್ಕಿಂತ ಬೇಗ ಮುಗಿಸಿ ಬಂದು ನಿಂತಾಗ ಅವನ ಉಸಿರು ನಮ್ಮ ಉಸಿರಿನಷ್ಟೇ ಇತ್ತು. ಉಸ್ತಾದ್ ಅರೆಕ್ಷಣ ಅವನನ್ನೇ ನೋಡಿ, ಹೋಗು ಎಂದು ಕೈ ಬೀಸಿದರು. ಇಂಥವನು ಬೂಟು ಹಾಕಿದರೆ ಯಾಕೆ ಹಿಂದೆ ಬೀಳುತ್ತಾನೆ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ...

ನಾನು ಕೇಳಿದೆ. ಅದೇ ಸಂಜೆ, ಬೂಟು ಪಾಲಿಶ್ ಮಾಡುವ ಹೊತ್ತಿಗೆ.

"ನಿನ್ನ ಬೂಟ್ ಬಿಗಿ ಅದಾವ ಏನು?"

ಅವನು ತುಸು ಹೊತ್ತು ಬ್ರಷ್ ಉಜ್ಜಿದ. "ಅದಾವ. ಬಿಡ್ತಾವ ಅಂದಕಂಡಿದ್ದೆ," ಎಂದ. "ನಮ್ಮೂರಾಗ ಕೆರ ಬಿಗೀನ ತಗಂತೀವಿ. ತೊಗಲು ಎಣ್ಣಿ ಕುಡದು ಬಿಡ್ತೈತಿ. ಇವಕ್ಕೂ ತಲಿಗೆ ಹಚ್ಚೋ ಎಣ್ಣಿ ಎಲ್ಲಾ ಕುಡಿಸೀನಿ ನೋಡು. ಬಿಡವಲ್ಲವು."

ಆಗ ಗೊತ್ತಾಯಿತು. ಮುಕ್ಕುಂದದಲ್ಲಿ ಅವನು ಹಾಕಿದ್ದೆಲ್ಲ ಊರಲ್ಲೇ ಹೊಲಿದ ತೊಗಲಿನ ಕೆರಗಳು. ಹೊಸದರಲ್ಲಿ ಕಾಲು ಕಚ್ಚಬೇಕು, ತಿಂಗಳಿಗೆ ಎಣ್ಣೆ ನೀರು ಕುಡಿದು ಕಾಲಿಗೆ ಕೂರಬೇಕು. ಸಡಿಲವಾಗಿ ಕೊಂಡವನು ದಡ್ಡ. ಹಾಗಾಗಿ ಉಗ್ರಾಣದಲ್ಲಿ ಬೂಟು ಕೊಡುವಾಗ ಬೆರಳು ಮಡಚಿ ಕೂರುವಂಥದನ್ನು ಕೇಳಿ ಪಡೆದಿದ್ದ. ಬರೋಬರ್ ಇದೆಯಾ ಎಂದು ಕೇಳಿದವರಿಗೆ ಬರೋಬರ್ ಎಂದು ಸಹಿ ಮಾಡಿದ್ದ. ಫೌಜಿನ ರಬ್ಬರ್ ತಳದ ಬೂಟು ಯಾವ ಎಣ್ಣೆಗೂ ಜಗ್ಗುವುದಿಲ್ಲ ಎಂದು ತಿಳಿಯುವ ಹೊತ್ತಿಗೆ ಅವನು ಮೊದಲ ಸಲ ಫೇಲಾಗಿದ್ದ. ಅದೇ ಬೂಟು ಹಾಕಿಕೊಂಡು ನಮ್ಮ ತಂಡಕ್ಕೆ ಬಂದಿದ್ದ.

"ಹೋಗಿ ಬದಲಿ ಕೇಳಬೇಕಿಲ್ಲಪಾ?"

"ಫೇಲಾದಾವ ತಪ್ಪು ಬೂಟಿನ ಮ್ಯಾಲೆ ಹಾಕಾಕತ್ತಾನ ಅಂತಾರ. ಬ್ಯಾಡ."

ನನಗೆ ನಗು ತಡೆಯಲಾಗಲಿಲ್ಲ. ಯಾಕೆಂದರೆ ನನ್ನ ಬೂಟು ಕಾಲಿಗಿಂತ ಒಂದು ನಂಬರು ದೊಡ್ಡದು. ಚಿಕ್ಕಂದಿನಲ್ಲಿ ಪ್ರತಿ ಜೂನ್‌ಗೆ ಅಪ್ಪ ನನ್ನನ್ನು ಲಿಂಗಸುಗೂರಿನ ಅಂಗಡಿಗೆ ಕರೆದೊಯ್ದು, ಶೂಜಿನ ಮೂತಿ ಹಿಚುಕಿ ನೋಡಿ, "ಎರಡು ಬೆರಳು ಜಾಗ ಇರಲಿ, ಮುಂದಿನ ವರ್ಷಕ್ಕೂ ಬರ್ತಾವ," ಎಂದು ಕೊಡಿಸುತ್ತಿದ್ದರು. ನಾನು ವರ್ಷದ ಅರ್ಧ ಶೂಜು ಎಳೆದುಕೊಂಡೇ ಶಾಲೆಗೆ ಹೋದವನು. ಉಗ್ರಾಣದಲ್ಲಿ ನಿಂತಾಗಲೂ ಬಾಯಿಗೆ ಬಂದದ್ದು ದೊಡ್ಡ ನಂಬರೇ. ಇಪ್ಪತ್ತು ತುಂಬಿದವನ ಕಾಲು ಇನ್ನೆಲ್ಲಿ ಬೆಳೆಯುತ್ತದೆ! ಎರಡು ಜೊತೆ ಕಾಲುಚೀಲ ಹಾಕಿ ಸುಧಾರಿಸುತ್ತಿದ್ದೆ. ಇಬ್ಬರೂ ಅಲ್ಲೇ ಕೂತು ಬೂಟು ಅದಲು ಬದಲು ಮಾಡಿ ಹಾಕಿ ನೋಡಿದೆವು. ಅವನದು ನನಗೆ ಸರಿ, ನನ್ನದು ಅವನಿಗೆ ಸರಿ. ಅವನು ಮಂಚದ ಸುತ್ತ ನಾಲ್ಕು ಹೆಜ್ಜೆ ನಡೆದು, ಬೆರಳು ಆಡಿಸಿ, ನನ್ನ ಕಡೆ ನೋಡಿ ನಕ್ಕ. ಅವನು ಹಲ್ಲು ಕಾಣುವ ಹಾಗೆ ನಕ್ಕಿದ್ದನ್ನು ನಾನು ಅಂದೇ ಮೊದಲು ನೋಡಿದ್ದು.

ಆದರೆ ಪ್ರತಿ ಬೂಟಿನ ನಾಲಿಗೆಯ ಮೇಲೆ ಅವರವರ ನಂಬರು ಒತ್ತಿರುತ್ತಿತ್ತು. ಒಬ್ಬನ ಸಾಮಾನು ಇನ್ನೊಬ್ಬನ ಮೈಮೇಲೆ ಸಿಕ್ಕರೆ ಇಬ್ಬರಿಗೂ ಗತಿಯಿಲ್ಲ. ಹಾಗಾಗಿ ಓಟಕ್ಕೆ ಮೊದಲು ಬದಲಿಸಿಕೊಳ್ಳುವುದು, ಓಟ ಮುಗಿದೊಡನೆ ವಾಪಸು. ಮೂರು ತಿಂಗಳು ಹೀಗೇ ನಡೆಸಿದೆವು. ಯಾರಿಗೂ ಗೊತ್ತಾಗಲಿಲ್ಲ. ಅವನು ನಡುವಿಗೆ ಬಂದ. ಒಂದು ಬೆಳಿಗ್ಗೆ ಮೈಮರೆತು ಎಲ್ಲರಿಗಿಂತ ಮುಂದೆ ಓಡಿ, ಉಸ್ತಾದರಿಂದ ಶಾಬ್ಬಾಶ್ ಅನ್ನಿಸಿಕೊಂಡು, ಸಂಜೆಯೆಲ್ಲ ತನ್ನನ್ನು ತಾನೇ ಬೈದುಕೊಂಡ. ಅವರವ್ವನಿಗೆ ಕಾಗದ ಬರೆದ. ಈ ಸಲ ಆಗ್ತೈತಿ ಯವ್ವಾ, ನನ್ನ ಜೋಡಿದಾರ ತನ್ನ ಬೂಟು ಕೊಡ್ತಾನ ಎಂದು ಬರೆದದ್ದನ್ನು ನನಗೂ ಓದಿ ಹೇಳಿದ.

ಕೊನೆಯ ಓಟದ ದಿನ ಬಂತು. ಹಿಂದಿನ ಸಂಜೆ ಊಟದ ಸಾಲಿನಲ್ಲಿ ಯಾರೋ ಒಬ್ಬ, ನಾಳೆ ಹೊರಗಿನ ಆಫೀಸರುಗಳು ಬರುತ್ತಾರೆ, ಬೂಟು ಬೆಲ್ಟು ಎಲ್ಲದರ ನಂಬರು ನೋಡುತ್ತಾರೆ ಎಂದ. ಆ ಮಾತಾಡಿದವನಿಗೆ ಯಾರು ಹೇಳಿದರೋ, ನಾನು ಕೇಳಲಿಲ್ಲ. ಬೆಳಿಗ್ಗೆ ಸೀಟಿಯಾಗಿ, ಗಡ್ಡ ಹೆರೆದುಕೊಂಡು ಬಂದು ಅವನು ಎಂದಿನ ಹಾಗೆ ತನ್ನ ಬೂಟನ್ನು ನನ್ನ ಕಡೆ ಸರಿಸಿದ. ನಾನು ನನ್ನದನ್ನು ಆಗಲೇ ಕಾಲಿಗೆ ಹಾಕಿಕೊಂಡು ಲೇಸು ಕಟ್ಟುತ್ತಿದ್ದೆ.

"ಇವತ್ತ ಬ್ಯಾಡಪಾ," ಎಂದೆ. "ನಂಬರ್ ನೋಡ್ತಾರಂತ. ಸಿಕ್ಕಿಬಿದ್ರ ಇಬ್ಬರೂ ಮನಿಗೇ."

ಅವನು ನನ್ನ ಮುಖ ನೋಡಿದ. ನಾನು ಲೇಸು ನೋಡಿದೆ.

"ಆತ್ ಬಿಡು," ಎಂದ. ತನ್ನ ಬೂಟನ್ನು ಹಿಂದಕ್ಕೆ ಎಳೆದುಕೊಂಡ. ಇನ್ನೊಮ್ಮೆ ಕೇಳಿದ್ದರೆ ಕೊಡುತ್ತಿದ್ದೆ ಎಂದು ನನ್ನನ್ನು ನಾನು ಎಷ್ಟೋ ವರ್ಷ ನಂಬಿಸಿಕೊಂಡಿದ್ದೇನೆ. ಕೊಡುತ್ತಿರಲಿಲ್ಲ. ನಾನು ಅಷ್ಟು ಅಂಜಿದ್ದೆ.

ಅಂದು ಯಾರೂ ಯಾರ ನಂಬರನ್ನೂ ನೋಡಲಿಲ್ಲ. ಆಫೀಸರುಗಳು ಬಂದರು, ಗಡಿಯಾರ ನೋಡಿದರು, ಓಟ ಶುರುವಾಯಿತು.

ಮೊದಲ ಎರಡು ಕಿಲೋಮೀಟರು ಅವನ ಉಸಿರಿನ ಸದ್ದು ನನ್ನ ಪಕ್ಕದಲ್ಲೇ ಇತ್ತು. ಬೇಕೆಂದೇ ಜೋರಾಗಿ ಉಸಿರಾಡುತ್ತಿದ್ದ, ನನಗೋಸ್ಕರ. ಆಮೇಲೆ ಅದು ಹಿಂದಕ್ಕೆ ಸರಿಯಿತು. ಒಂದು ಸಲ ತಿರುಗಿ ನೋಡಿದೆ. ಹೆಜ್ಜೆ ತಪ್ಪಿತ್ತು, ಮುಖ ಬಿಳುಚಿಕೊಂಡಿತ್ತು, ನನ್ನ ಕಡೆ ಕೈ ಮಾಡಿ, ಹೋಗು ಹೋಗು ಎಂದ. ನಾನು ಹೋದೆ. ದೊಗಳೆ ಬೂಟಿನಲ್ಲಿ ದಡಬಡಿಸಿ ಓಡಿ, ಹೊತ್ತಿನೊಳಗೆ ಮುಟ್ಟಿದೆ. ನಿಂತು ನೋಡಿದರೆ ಅವನು ಇನ್ನೂ ತಿರುವಿನಲ್ಲಿದ್ದ. ಅವನು ಗೆರೆ ದಾಟಿದಾಗ ಗಡಿಯಾರ ಹಿಡಿದವರು ತಲೆ ಅಲ್ಲಾಡಿಸಿದರು. ಕೆಲವು ಸೆಕೆಂಡುಗಳ ಮಾತು... ನಿಮಿಷವೂ ಅಲ್ಲ.

ಉಸ್ತಾದರೇ ಅವನನ್ನು ಕೂರಿಸಿ ಬೂಟು ಬಿಚ್ಚಿದರು. ಕಾಲುಚೀಲ ರಕ್ತದಲ್ಲಿ ನೆನೆದು ಬೆರಳಿಗೆ ಅಂಟಿತ್ತು. ಎರಡು ಉಗುರು ಕಿತ್ತಿದ್ದವು. ಅವರು ಬೂಟಿನೊಳಗೆ ಕೈ ಹಾಕಿ ನೋಡಿ, ಅದನ್ನು ಅವನ ಪಾದದ ಪಕ್ಕ ಇಟ್ಟು ನೋಡಿದರು. ಅಷ್ಟು ದೊಡ್ಡ ದನಿಯ ಮನುಷ್ಯ ಪಿಸುಗುಟ್ಟಿದ ಹಾಗೆ ಕೇಳಿದರು, ಯಾಕೋ ಹೇಳಲಿಲ್ಲ, ಒಂದು ಮಾತು ಹೇಳಿದ್ದರೆ ಅದೇ ದಿನ ಬದಲಿ ಕೊಡಿಸುತ್ತಿದ್ದೆನಲ್ಲೋ ಎಂದು. ನಾನು ಮೂರು ಹೆಜ್ಜೆ ದೂರದಲ್ಲಿ ನಿಂತಿದ್ದೆ. ನಾವು ಕಳ್ಳರ ಹಾಗೆ ಮೂರು ತಿಂಗಳು ಮಾಡಿದ್ದೆಲ್ಲ ಒಂದು ಮಾತಿನಲ್ಲಿ ಮುಗಿಯುವಂಥದ್ದಾಗಿತ್ತು. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಉಸ್ತಾದ್ ಅವನಿಗಾಗಿ ಎರಡು ದಿನ ಆಫೀಸು ಅಲೆದರು. ಎರಡನೆಯ ಸಲ ಎಂಬ ಕಾಗದದ ಮುಂದೆ ಅವರ ಮಾತು ನಡೆಯಲಿಲ್ಲ.

ಅವನು ಹೊರಟ ದಿನ ನಾನು ಟ್ರಂಕು ಹೊತ್ತುಕೊಂಡು ಗೇಟಿನವರೆಗೆ ಹೋದೆ. ಕಾಲಿಗೆ ಪಟ್ಟಿ ಕಟ್ಟಿತ್ತು. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಬಾಯಲ್ಲಿ ಮಾತು ಜೋಡಿಸಿಕೊಳ್ಳುತ್ತಿದ್ದೆ. ಗೇಟಿನಲ್ಲಿ ಟ್ರಂಕು ಇಸಿದುಕೊಂಡು ಅವನೇ ಮೊದಲು ಮಾತಾಡಿದ. "ಮಸ್ಕಿ, ಉಸ್ತಾದಗ ಹೇಳಿ ನಿನ್ನ ಬೂಟ್ ಬದಲಿ ಮಾಡಿಸ್ಕೋ. ದೊಗಳಿ ಬೂಟಿನ್ಯಾಗ ಬಾಳ ದಿನ ಓಡಾಕ ಆಗಂಗಿಲ್ಲ." ಅಷ್ಟು ಹೇಳಿ, ಕುಂಟುತ್ತ ರಸ್ತೆ ದಾಟಿ ಬಸ್ಸು ಹತ್ತಿದ. ನಾನು ಜೋಡಿಸಿಕೊಂಡ ಮಾತು ಬಾಯಲ್ಲೇ ಉಳಿಯಿತು.

ಮುಂದೆ ನಾನು ಸೈನಿಕನಾದೆ. ತರಬೇತಿ ಮುಗಿದು ಪ್ರಮಾಣ ಮಾಡುವ ಕಸಮ್ ಪರೇಡಿಗೆ ಅಪ್ಪ ಬಂದು ಕಣ್ಣು ಒರೆಸಿಕೊಂಡರು. ಹಿಮದಲ್ಲಿ, ಮರಳಿನಲ್ಲಿ, ಎಲ್ಲೆಲ್ಲೋ ಇದ್ದು ಬಂದೆ. ಪ್ರತಿ ವರ್ಷ ರಜೆಗೆ ಮಸ್ಕಿಗೆ ಬರುತ್ತಿದ್ದೆ. ಪ್ರತಿ ವರ್ಷವೂ ಈ ಸಲ ಮುಕ್ಕುಂದಕ್ಕೆ ಹೋಗಬೇಕು ಎಂದುಕೊಳ್ಳುತ್ತಿದ್ದೆ. ಒಮ್ಮೆ ಸಿಂಧನೂರಿನ ಬಸ್ ನಿಲ್ದಾಣದಲ್ಲಿ ಬಸ್ಸಿನ ಕಿಟಕಿಯಿಂದ ಅವನನ್ನು ಕಂಡೆ. ಬೈಕಿನ ಹಿಂದೆ ಗೊಬ್ಬರದ ಚೀಲ ಕಟ್ಟುತ್ತಿದ್ದ, ಬರಿಗಾಲಲ್ಲಿ. ಬಸ್ಸು ಹತ್ತು ನಿಮಿಷ ಅಲ್ಲೇ ನಿಂತಿತ್ತು. ನಾನು ಇಳಿಯಲಿಲ್ಲ. ಆ ಹತ್ತು ನಿಮಿಷದ ನಾಚಿಕೆಯನ್ನು ಇವತ್ತು ಬರೆದಾದರೂ ಒಪ್ಪಿಕೊಳ್ಳುತ್ತಿದ್ದೇನೆ. ನಾನು ನಿವೃತ್ತನಾಗಿ ಊರಿಗೆ ಬಂದ ವರ್ಷವೇ ಅವನು ಹೋದನಂತೆ. ಒಂದೇ ತಾಲೂಕಿನಲ್ಲಿದ್ದೂ ನನಗೆ ತಿಳಿಯಲಿಲ್ಲ.

ಟಂಟಂನಲ್ಲಿ ಸುದ್ದಿ ಕೇಳಿದ ಮುಂದಿನ ಭಾನುವಾರ ಮುಕ್ಕುಂದಕ್ಕೆ ಹೋದೆ. ಮನೆ ತೋರಿಸಲು ಯಾರನ್ನೂ ಎರಡು ಸಲ ಕೇಳಬೇಕಾಗಲಿಲ್ಲ. ಸೊಸೆ ಗದ್ದೆಗೆ ಹೋಗಿದ್ದಳು. ಮೊಣಕಾಲು ನೋವೆಂದು ಅಂದು ಮನೆಯಲ್ಲೇ ಉಳಿದಿದ್ದ ಮುದುಕಿ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಹೆಸರುಕಾಳು ಹಸನು ಮಾಡುತ್ತಿದ್ದಳು. ನಾನು ನಿಮ್ಮ ಮಗನ ಜೊತೆ ಮಿಲಿಟರಿಯಲ್ಲಿದ್ದವನು ಎಂದೆ.

ಅವಳು ಮೊರ ಪಕ್ಕಕ್ಕಿಟ್ಟಳು. "ನೀನ ಏನಪಾ ಮಸ್ಕಿ? ಬೂಟ್ ಕೊಡತಿದ್ದಾವ?"

ಹೌದೆಂದೆ. ಕೂರು ಎಂದಳು. ತಾನೇ ಎದ್ದು ಚಹಾ ಮಾಡಿ ತಂದಳು. ನನ್ನ ತಲೆಯಿಂದ ಕಾಲಿನವರೆಗೂ ಕಣ್ಣು ತುಂಬ ನೋಡಿದಳು.

"ನಿನ್ನ ಸುದ್ದಿ ಬಾಳ ಹೇಳತಿದ್ದಪಾ. ಮಸ್ಕಿ ದಿನಾ ಬೂಟ್ ಕೊಡತಿದ್ದ, ಕಡೀ ಓಟದ ದಿನಾನೂ ಕೊಟ್ಟಿದ್ದ, ನನ್ನ ಕಾಲಾಗ ಧಮ್ ಇರಲಿಲ್ಲ ಯವ್ವಾ ಅಂತಿದ್ದ." ಸೆರಗಿನಿಂದ ಮೂಗು ಒರೆಸಿಕೊಂಡಳು. "ನಾನೂ ಒಮ್ಮೆ ಸಿಟ್ಟಿನ ಭರಕ್ಕ ಅಂದುಬಿಟ್ಟೀನಿ. ಮಂದಿ ತಮ್ಮ ಕಾಲಾನ ಬೂಟ್ ಬಿಚ್ಚಿ ಕೊಟ್ರೂ ನಿನಗ ಓಡಾಕ ಬರಲಿಲ್ಲಲ್ಲೋ, ಅಂತ. ಸುಮ್ಮನ ನಕ್ಕ. ಎದುರು ಮಾತಾಡಲಿಲ್ಲ."

ಚಹಾದ ಲೋಟ ನನ್ನ ಕೈಯಲ್ಲಿ ಹಾಗೇ ಇತ್ತು. ಕುಡಿದು, ಕೈಮುಗಿದು, ಎದ್ದು ಬರಬಹುದಿತ್ತು. ಅವನು ನನಗಾಗಿ ಹೇಳಿದ ಸುಳ್ಳು ಇಪ್ಪತ್ತು ವರ್ಷ ಗಟ್ಟಿಯಾಗಿ ನಿಂತಿತ್ತು, ಇನ್ನೂ ನಿಲ್ಲುತ್ತಿತ್ತು.

"ಕಡೀ ದಿನ ಕೊಡಲಿಲ್ಲ ಯವ್ವಾ," ಎಂದೆ. "ಆತ ತನ್ನ ಬೂಟ್ ನನ್ನ ಕಡಿ ಸರಸಿದ. ನಾ ಅಂಜಿ ಒಲ್ಲೆ ಅಂದೆ. ಆತ ಓಡಿದ್ದು ಬಿಗಿ ಬೂಟಿನ್ಯಾಗ."

ಅವಳು ನನ್ನ ಕಾಲಿನ ಕಡೆ ನೋಡಿದಳು. ಬೈಯಲಿ ಎಂದು ಕಾಯುತ್ತ ಕೂತಿದ್ದೆ. ಬೈದಿದ್ದರೆ ಹಗುರಾಗುತ್ತಿದ್ದೆನೇನೋ.

"ಕೊಟ್ಟಿದ್ರ ಓಡತಿದ್ದನೇನು?" ಎಂದು ಕೇಳಿದಳು.

"ಓಡತಿದ್ದ. ನನಗಿಂತ ಮುಂದ ಓಡತಿದ್ದ."

ಅವಳು ಮೊಣಕಾಲು ಹಿಡಿದು ಎದ್ದಳು. ಬಾಗಿಲಿಗೆ ಹೋಗಿ ನಿಂತು, ಎದುರುಮನೆಯವಳನ್ನು ಕೂಗಿದಳು. "ಏ ಯಕ್ಕಾ, ಕೇಳಿದೇನು, ನನ್ನ ಮಗ ಓಡತಿದ್ದನಂತ! ಅವನ ಜೋಡಿ ಇದ್ದಾವನ ಬಂದು ಹೇಳಾಕತ್ತಾನ. ಪಾಸ್ ಆಗತಿದ್ದನಂತ!" ಎದುರುಮನೆಯವಳು ಏನೆಂದು ತಿಳಿಯದೆ ಸುಮ್ಮನೆ ನೋಡುತ್ತ ನಿಂತಳು. ಮುದುಕಿ ಅದನ್ನೇ ಮತ್ತೊಮ್ಮೆ ಕೂಗಿ ಹೇಳಿದಳು. ದನಿ ನಡುವೆಯೇ ಒಡೆದುಹೋಯಿತು. ಹೊಸ್ತಿಲ ಮೇಲೆ ಕೂತು ಅಳತೊಡಗಿದಳು.

ನಾನು ಹೋಗಿ ಪಕ್ಕದಲ್ಲಿ ಕೂತೆ. ಅಳು ಇಳಿದ ಮೇಲೆ ನನ್ನ ಕಡೆ ತಿರುಗಿದಳು. ಮುಖದಲ್ಲಿ ಸಿಟ್ಟಿರಲಿಲ್ಲ.

"ಮೂರು ವರ್ಷದ ಹಿಂದ ಬರಬೇಕಿತ್ತಲ್ಲೋ ತಮ್ಮಾ," ಎಂದಳು. "ನಾ ಅಂದ ಮಾತು ವಾಪಸ್ ತಗಂತಿದ್ದೆ."

ಮಸ್ಕಿಯಿಂದ ಮುಕ್ಕುಂದ ಅಷ್ಟೇನೂ ದೂರವಲ್ಲ. ಒಂದು ಬಸ್ಸು, ಒಂದು ಟಂಟಂ. ಅದಕ್ಕೆ ನಾನು ಇಪ್ಪತ್ತು ವರ್ಷ ಮಾಡಿದೆ. ಅಷ್ಟರಲ್ಲಿ ಅವನು ಹೋಗಿಬಿಟ್ಟಿದ್ದ.